ಮಗನನ್ನು ಪೋರ್ಚುಗಲ್‌ಗೆ ಕಳಿಸುವ ಮುನ್ನ

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಮಗನಿಗೆ 16 ವರ್ಷ, ಮೊದಲ ಪಿಯುಸಿ ಓದುತ್ತಿದ್ದಾನೆ. ಚಿಕ್ಕಮಗಳೂರು, ಹಾಸನದ ಟೂರ್ನಮೆಂಟ್‌ಗಳಲ್ಲಿ ಸ್ಟ್ರೈಕರ್ ಆಗಿ ಆಡಿ ತುಂಬಾ ಗೋಲು ಹೊಡೆದಿದ್ದಾನೆ. ಒಬ್ಬ ಏಜೆಂಟ್ ಇವನ ವಿಡಿಯೊ ನೋಡಿ, ಪೋರ್ಚುಗಲ್‌ನ ಕ್ಲಬ್ಬೊಂದರಲ್ಲಿ ಟ್ರಯಲ್ ಕೊಡಿಸುತ್ತೇನೆ, 6 ಲಕ್ಷ ಖರ್ಚಾಗುತ್ತೆ, ಆಯ್ಕೆಯಾದರೆ ಸಂಬಳ ಶುರು ಅಂದಿದ್ದಾರೆ. ಈ ಸಲ ಕಾಫಿಗೆ ಒಳ್ಳೆ ರೇಟ್ ಸಿಕ್ಕಿ ಕೈಯಲ್ಲಿ ಹಣ ಇದೆ. ಈಗ ಹೋಗದಿದ್ದರೆ ವಯಸ್ಸು ಮೀರುತ್ತೆ ಅಂತ ಮಗ ಹಠ ಹಿಡಿದಿದ್ದಾನೆ. ಕಳಿಸಬಹುದಾ? ಹೊರದೇಶದಲ್ಲಿ ಆಡುವ ಸ್ಟ್ರೈಕರ್‌ನ ಬದುಕು ನಿಜಕ್ಕೂ ಹೇಗಿರುತ್ತೆ?

ಉತ್ತರ: ದುಡ್ಡು ಕೊಡಬೇಡಿ, ಅಮ್ಮ. ಅದನ್ನು ಮೊದಲು ಹೇಳಿ ಮುಂದಕ್ಕೆ ಹೋಗುತ್ತೇನೆ. ನಿಮ್ಮ ಮಗನ ಆಟದ ಮೇಲೆ ನನಗೇನೂ ಅನುಮಾನವಿಲ್ಲ. ಅವನು ಎಷ್ಟೇ ಚೆನ್ನಾಗಿ ಆಡಲಿ, ಈಗಿನ ವಯಸ್ಸಿನಲ್ಲಿ ಪೋರ್ಚುಗಲ್‌ನ ಕ್ಲಬ್ ಅವನನ್ನು ಆಟಗಾರನಾಗಿ ನೋಂದಾಯಿಸಿಕೊಂಡು ಸಂಬಳ ಕೊಡುವ ಹಾಗೇ ಇಲ್ಲ.

ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮ ಇದರಲ್ಲಿ ಸ್ಪಷ್ಟವಾಗಿದೆ. ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹೋಗಬೇಕಾದರೆ ಆಟಗಾರನಿಗೆ 18 ತುಂಬಿರಬೇಕು. ಕೆಲವು ವಿನಾಯಿತಿಗಳಿವೆ. ಅಪ್ಪ ಅಮ್ಮ ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದರೆ ಮಗ ಅಲ್ಲಿ ಆಡಬಹುದು. ಯುರೋಪಿಯನ್ ಒಕ್ಕೂಟದ ಒಳಗೇ ಇರುವ ಹುಡುಗರು 16ರಿಂದ 18ರ ನಡುವೆ ದೇಶ ಬದಲಿಸಬಹುದು. ಗಡಿಯ ಪಕ್ಕದಲ್ಲೇ ಮನೆ ಇರುವವರಿಗೂ ಒಂದು ದಾರಿ ಇದೆ. ಹೀಗೆ ಇನ್ನೂ ಒಂದೆರಡು. ಮೂಡಿಗೆರೆಯಲ್ಲಿ ತೋಟ ನೋಡಿಕೊಂಡಿರುವ ನಿಮಗೆ, ಸಂಬಳಕ್ಕೆ ಆಡಲು ಹೊರಟ ನಿಮ್ಮ ಮಗನಿಗೆ, ಇದ್ಯಾವುದೂ ಅನ್ವಯಿಸುವುದಿಲ್ಲ.

ನಿಯಮ ಇದ್ದರೇನು, ಯಾರು ಪಾಲಿಸ್ತಾರೆ ಅಂತ ಏಜೆಂಟ್ ಹೇಳಬಹುದು. ಪಾಲಿಸುತ್ತಾರೆ. ಬಾರ್ಸಿಲೋನಾದಂಥ ಕ್ಲಬ್ಬಿಗೇ 2014ರಲ್ಲಿ ಫಿಫಾ ಶಿಕ್ಷೆ ಕೊಟ್ಟಿತು. ಬೇರೆ ದೇಶದ ಚಿಕ್ಕ ಹುಡುಗರನ್ನು ನಿಯಮ ಮೀರಿ ಸೇರಿಸಿಕೊಂಡಿದ್ದಕ್ಕೆ ಎರಡು ವರ್ಗಾವಣೆ ಅವಧಿಗಳಲ್ಲಿ (ಆಟಗಾರರು ಕ್ಲಬ್ ಬದಲಿಸುವ ಅವಧಿ) ಹೊಸ ಆಟಗಾರರನ್ನು ನೋಂದಾಯಿಸುವಂತಿಲ್ಲ ಅಂತ ನಿಷೇಧ ಹಾಕಿತು. ಅದರಿಂದ ಪೆಟ್ಟು ತಿಂದವರಲ್ಲಿ ಜಪಾನಿನ ತಕೆಫುಸಾ ಕುಬೊ ಒಬ್ಬ. ಅವನು ಬಾರ್ಸಿಲೋನಾ ಅಕಾಡೆಮಿಯ ದೊಡ್ಡ ಪ್ರತಿಭೆ ಎಂದು ಹೆಸರಾಗಿದ್ದ ಹುಡುಗ. ಅಲ್ಲಿ ಪಂದ್ಯ ಆಡಲು ಬಿಡದೆ ಹೋದಾಗ 2015ರಲ್ಲಿ ಜಪಾನಿಗೆ ವಾಪಸಾದ. ಎಫ್‌ಸಿ ಟೋಕಿಯೊದಲ್ಲಿ ಬೆಳೆದ. 2019ರಲ್ಲಿ 18 ತುಂಬಿದಾಗ ರಿಯಲ್ ಮ್ಯಾಡ್ರಿಡ್ ಅವನನ್ನು ತೆಗೆದುಕೊಂಡಿತು. ಅಷ್ಟು ಹೆಸರು ಮಾಡಿದ ಹುಡುಗನೇ ಕಾಯಬೇಕಾಯಿತು. ಇಂಗ್ಲೆಂಡ್ ಇನ್ನೂ ಬಿಗಿ: 2021ರ ಜನವರಿಯಿಂದ ಅಲ್ಲಿನ ಕ್ಲಬ್ಬುಗಳು 18ರ ಕೆಳಗಿನ ವಿದೇಶಿ ಹುಡುಗರನ್ನು ತೆಗೆದುಕೊಳ್ಳುವಂತೆಯೇ ಇಲ್ಲ.

ಹಾಗಾದರೆ ಆ 6 ಲಕ್ಷ ಯಾತಕ್ಕೆ? ಹೆಚ್ಚಾಗಿ ಎರಡರಲ್ಲಿ ಒಂದು ಆಗಿರುತ್ತೆ. ಒಂದು, ದುಡ್ಡು ಕೊಟ್ಟು ಸೇರುವ ಖಾಸಗಿ ಅಕಾಡೆಮಿ. ಸ್ಪೇನ್, ಪೋರ್ಚುಗಲ್‌ನಲ್ಲಿ ಇಂಥವು ಸಾಕಷ್ಟಿವೆ. ಕೆಲವು ಒಳ್ಳೆಯವೂ ಇವೆ. ಆದರೆ ಅಲ್ಲಿ ನಿಮ್ಮ ಮಗ ಗಿರಾಕಿ. ಅವರು ಅವನನ್ನು ಆಯ್ಕೆ ಮಾಡಿಕೊಂಡಿರುವುದಿಲ್ಲ. ಇನ್ನೊಂದು ಬಗೆಯದು ಭಯಪಡಬೇಕಾದ್ದು. 2023ರ ಜೂನ್‌ನಲ್ಲಿ ಪೋರ್ಚುಗಲ್‌ನಲ್ಲೇ ಒಂದು ಫುಟ್‌ಬಾಲ್ ಅಕಾಡೆಮಿಯ ಮೇಲೆ ಅಧಿಕಾರಿಗಳು ದಾಳಿ ಮಾಡಿದರು. ದಕ್ಷಿಣ ಅಮೆರಿಕ, ಆಫ್ರಿಕ, ಏಷ್ಯಾದಿಂದ ಕರೆತಂದಿದ್ದ ಹತ್ತಾರು ಹುಡುಗರನ್ನು ಅಲ್ಲಿಂದ ಬಿಡಿಸಿದರು. ಮಾನವ ಸಾಗಣೆಯ ತನಿಖೆಯಾಯಿತು. ದೊಡ್ಡ ಕ್ಲಬ್ಬಿನಲ್ಲಿ ಆಡಿಸುತ್ತೇವೆ ಅಂತ ನಂಬಿಸಿ ಕರೆತಂದ ಹುಡುಗರು ಅವರು. ಅವರ ಮನೆಯವರೂ ಹೀಗೇ ಕೂಡಿಟ್ಟ ಹಣ ಕೊಟ್ಟಿರುತ್ತಾರೆ ಅಲ್ವಾ? ಅದನ್ನು ನೆನೆದರೆ ನನಗೆ ಸಂಕಟವಾಗುತ್ತೆ.

ನಿಮ್ಮ ಏಜೆಂಟರು ಹಾಗೆ ಅಂತ ನಾನು ಹೇಳುವುದಿಲ್ಲ, ನನಗೆ ಅವರ ಪರಿಚಯವಿಲ್ಲ. ಪರೀಕ್ಷಿಸುವುದು ಸುಲಭ. 2023ರಿಂದ ಫುಟ್‌ಬಾಲ್ ಏಜೆಂಟರಿಗೆ ಫಿಫಾ ಲೈಸೆನ್ಸ್ ಕಡ್ಡಾಯ. ಅದಕ್ಕೆ ಪರೀಕ್ಷೆ ಬರೆದು ಪಾಸಾಗಬೇಕು. ಲೈಸೆನ್ಸ್ ಇರುವವರ ಹೆಸರು ಫಿಫಾ ವೆಬ್‌ಸೈಟ್‌ನಲ್ಲಿ ಹುಡುಕಿದರೆ ಸಿಗುತ್ತೆ. 18ರೊಳಗಿನ ಆಟಗಾರನ ಪರವಾಗಿ ಕೆಲಸ ಮಾಡಲು ಅವರಿಗೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಹುಡುಗ ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕುವ ತನಕ ಅವನ ಕಡೆಯಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ಮೂರು ವಿಷಯ ಕೇಳಿ: ಅವರ ಲೈಸೆನ್ಸ್ ಸಂಖ್ಯೆ, ಕ್ಲಬ್ಬಿನ ಹೆಸರು, ಆ ಕ್ಲಬ್ಬೇ ನಿಮ್ಮ ಮಗನ ಹೆಸರಿಗೆ ಬರೆದ ಆಹ್ವಾನ ಪತ್ರ. ಪತ್ರ ಬಂದರೆ ಅದರಲ್ಲಿರುವ ಫೋನ್ ನಂಬರ್‌ಗೆ ಕರೆ ಮಾಡಬೇಡಿ. ಕ್ಲಬ್ಬಿನ ಅಧಿಕೃತ ವೆಬ್‌ಸೈಟ್‌ನಿಂದ ವಿಳಾಸ ತೆಗೆದು ನೀವೇ ಬರೆದು ಕೇಳಿ. ವೀಸಾ ಬಗ್ಗೆಯೂ ಒಂದು ಮಾತು. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ, ಕಡಿಮೆ ಅವಧಿಯ ಷೆಂಗೆನ್ ವೀಸಾ ಅಂದರೆ 180 ದಿನಗಳಲ್ಲಿ 90 ದಿನ ಇರಲು ಅನುಮತಿ. ಸಂಬಳಕ್ಕೆ ಆಡಲು ಅದು ಸಾಲದು. ಹೋದ ಮೇಲೆ ಅಲ್ಲೇ ಬದಲಾಯಿಸಿಕೊಳ್ಳೋಣ ಅಂದರೆ ಅಲ್ಲಿಗೆ ಮಾತು ನಿಲ್ಲಿಸಿ.

ಇನ್ನು ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಹೊರದೇಶದಲ್ಲಿ ಸ್ಟ್ರೈಕರ್‌ನ ಬದುಕು ಹೇಗಿರುತ್ತೆ?

ಒಂದು ಕ್ಲಬ್ ವಿದೇಶದಿಂದ ಸ್ಟ್ರೈಕರ್ ತರಿಸುವುದು ಗೋಲು ಹೊಡೆಸಲು. ಕಲಿಸಲು ಅಲ್ಲ. ಕಲಿಸಬೇಕಾದ ಹುಡುಗರು ಅವರ ಊರಲ್ಲೇ ಬೇಕಾದಷ್ಟು ಇರುತ್ತಾರೆ. ಎಷ್ಟೋ ದೇಶಗಳಲ್ಲಿ ವಿದೇಶಿಯರ ಜಾಗಕ್ಕೆ ಮಿತಿಯೂ ಇರುತ್ತೆ. ಇದನ್ನು ನಮ್ಮ ಕಡೆಯಿಂದ ನೋಡಿದರೆ ಚೆನ್ನಾಗಿ ಅರ್ಥವಾಗುತ್ತೆ. ನಮ್ಮ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) 2021-22ರಲ್ಲಿ ಮೈದಾನದಲ್ಲಿ ಒಂದೇ ಹೊತ್ತಿಗೆ ಇರಬಹುದಾದ ವಿದೇಶಿಯರ ಸಂಖ್ಯೆಯನ್ನು 4ಕ್ಕೆ ಇಳಿಸಿತು. ಆ ನಾಲ್ಕರಲ್ಲಿ ಒಂದನ್ನು ಬಹುತೇಕ ತಂಡಗಳು ಯಾರಿಗೆ ಕೊಟ್ಟವು? ಸ್ಟ್ರೈಕರ್‌ಗೆ. ಗೋವಾ ತಂಡಕ್ಕೆ 2017ರಲ್ಲಿ ಬಂದ ಸ್ಪೇನಿನ ಕೋರೊಗೆ ಆಗ 34 ವರ್ಷ. ಮೊದಲ ಸೀಸನ್‌ನಲ್ಲೇ 18 ಗೋಲು, ಮುಂದಿನದರಲ್ಲಿ 16. ನೈಜೀರಿಯಾದ ಒಗ್ಬೆಚೆ 37ರ ವಯಸ್ಸಿನಲ್ಲಿ ಹೈದರಾಬಾದ್‌ಗೆ 2021-22ರಲ್ಲಿ 18 ಗೋಲು ಹೊಡೆದ. ಬೆಂಗಳೂರಿನ ಕಂಠೀರವದಲ್ಲಿ ವೆನೆಜುವೆಲಾದ ಮೀಕು ಆಡಿದ್ದನ್ನು ನಿಮ್ಮ ಮಗ ನೋಡಿರದಿದ್ದರೂ ಕೇಳಿರುತ್ತಾನೆ. ಇವರೂ ಹೊರದೇಶಕ್ಕೆ ಹೋದ ಸ್ಟ್ರೈಕರ್‌ಗಳೇ ತಾನೇ? ಅವರು ಹೋದ ಹೊರದೇಶ ನಮ್ಮದು. ಅವರು ಇಳಿದ ಮೊದಲ ವಾರದಿಂದ ಪ್ರೇಕ್ಷಕರು ಲೆಕ್ಕ ಹಾಕಿದ್ದು ಗೋಲುಗಳನ್ನು ಮಾತ್ರ. ನಾಲ್ಕು ಪಂದ್ಯ ಖಾಲಿ ಹೋದರೆ ನಾವೇ ಬೈತೀವಿ. ಮಗ ಬೇರೆ ದೇಶಕ್ಕೆ ಹೋದರೆ ಅಲ್ಲಿನವರು ಅವನನ್ನು ನೋಡುವುದೂ ಇದೇ ಕಣ್ಣಿನಿಂದ.

ಡಿಫೆಂಡರ್ ಸಾಧಾರಣವಾಗಿ ಆಡಿ ತಂಡ ಗೆದ್ದರೆ ಯಾರೂ ಏನೂ ಅನ್ನುವುದಿಲ್ಲ. ಸ್ಟ್ರೈಕರ್‌ಗೆ ಆ ಮರೆ ಇಲ್ಲ. ಅದಕ್ಕೇ ನಿಮ್ಮ ಮಗನ ಗೆಳೆಯರಲ್ಲಿ ಬೇರೆ ಜಾಗದಲ್ಲಿ ಆಡುವ ಯಾರಾದರೂ ಬೇಗ ಹೊರಗೆ ಹೋಗಿದ್ದರೂ ಅದನ್ನು ಇವನಿಗೆ ಹೋಲಿಸಬೇಡಿ.

ವಯಸ್ಸು ಮೀರುತ್ತೆ ಅನ್ನುವ ನಿಮ್ಮ ಮಗನಿಗೆ ರಾಯ್ ಕೃಷ್ಣನ ಕಥೆ ಹೇಳಿ. ಫಿಜಿ ದ್ವೀಪದ ಲಬಾಸ ಅನ್ನುವ ಊರಿನವನು. ಕಬ್ಬು, ಸಕ್ಕರೆ ಕಾರ್ಖಾನೆಯ ಸಣ್ಣ ಊರು ಅದು. ಬ್ರಿಟಿಷರ ಕಾಲದಲ್ಲಿ ಭಾರತದಿಂದ ಕೂಲಿಗೆ ಹೋದವರ ಮೊಮ್ಮಕ್ಕಳ ಪೀಳಿಗೆ. ಫುಟ್‌ಬಾಲ್ ಲೋಕದಲ್ಲಿ ಫಿಜಿಯ ಹೆಸರು ಭಾರತಕ್ಕಿಂತ ದೊಡ್ಡದೇನಲ್ಲ. ಅವನು ನೇರವಾಗಿ ಯುರೋಪಿಗೆ ಹಾರಲಿಲ್ಲ. ಪಕ್ಕದ ನ್ಯೂಜಿಲೆಂಡಿಗೆ ಹೋಗಿ ವೈಟಾಕೆರೆ ಯುನೈಟೆಡ್ ತಂಡದಲ್ಲಿ ವರ್ಷಗಟ್ಟಲೆ ಆಡಿದ, ಆಮೇಲೆ ಆಕ್ಲೆಂಡ್ ಸಿಟಿಗೆ. ವೆಲಿಂಗ್ಟನ್ ಫೀನಿಕ್ಸ್ ಸೇರಿ ಆಸ್ಟ್ರೇಲಿಯಾದ ಎ-ಲೀಗ್‌ಗೆ ಕಾಲಿಟ್ಟಾಗ ಅದು 2014, ಅವನಿಗೆ 26 ವರ್ಷ. 2018-19ರಲ್ಲಿ ಆ ಲೀಗ್‌ನಲ್ಲಿ 18 ಗೋಲು ಹೊಡೆದು ಎಲ್ಲರಿಗಿಂತ ಮುಂದಿದ್ದ. ಆಗ ಭಾರತದಿಂದ ಕರೆ ಬಂತು. ಕೊಲ್ಕತ್ತಾ ತಂಡದಲ್ಲಿ ಐಎಸ್‌ಎಲ್ ಗೆದ್ದ, ಬೆಂಗಳೂರು ಎಫ್‌ಸಿಗೂ ಆಡಿದ. ಸಣ್ಣ ಊರಿನ ಸ್ಟ್ರೈಕರ್ ಒಬ್ಬ ಹೊರದೇಶದಲ್ಲಿ ಬದುಕು ಕಟ್ಟಿಕೊಂಡಿದ್ದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಪ್ರತಿ ಮೆಟ್ಟಿಲಲ್ಲೂ ಗೋಲು ಹೊಡೆದು ಮುಂದಿನದಕ್ಕೆ ಹೋದವನು ಅವನು.

ಇರಾನ್‌ನ ಮೆಹದಿ ತಾರೆಮಿ ಪೋರ್ಚುಗಲ್‌ಗೆ ಹೋಗಿದ್ದು 27ಕ್ಕೆ. ಸೇರಿದ್ದು ರಿಯೊ ಅವೆ ಅನ್ನುವ ಚಿಕ್ಕ ಕ್ಲಬ್. ಮೊದಲ ಸೀಸನ್‌ನಲ್ಲೇ 18 ಲೀಗ್ ಗೋಲು ಬಂದವು. ಮಾರನೆ ವರ್ಷ ಪೋರ್ಟೊ, ಆಮೇಲೆ ಇಟಲಿಯ ಇಂಟರ್. ಪೋಲೆಂಡ್‌ನ ಲೆವಾಂಡೋವ್ಸ್ಕಿ ಇನ್ನೂ ಕಣ್ಣಿಗೆ ಕಟ್ಟುವ ಉದಾಹರಣೆ. ಗಾಯವಾದಾಗ ಒಂದು ಕ್ಲಬ್ ಅವನನ್ನು ಬೇಡ ಅಂತ ಬಿಟ್ಟಿತ್ತು. ಅವನು ಮೂರನೇ ದರ್ಜೆಗೆ ಇಳಿದು ಅಲ್ಲಿ ಜಾಸ್ತಿ ಗೋಲು ಹೊಡೆದ. ಎರಡನೇ ದರ್ಜೆಯಲ್ಲಿ ಜಾಸ್ತಿ ಗೋಲು ಹೊಡೆದ. ಆಮೇಲೆ ಮೊದಲ ದರ್ಜೆಯಲ್ಲೂ. ಅಷ್ಟಾದ ಮೇಲೆ 2010ರಲ್ಲಿ ಜರ್ಮನಿಯ ಡಾರ್ಟ್‌ಮಂಡ್‌ಗೆ ಹೋದ. ಆದರೂ ಮೊದಲ ಸೀಸನ್‌ನಲ್ಲಿ ಬಹಳಷ್ಟು ಸಲ ಬೆಂಚಿನಿಂದ ಎದ್ದು ಬಂದು ಆಡಿದ, ಲೀಗ್‌ನಲ್ಲಿ 8 ಗೋಲಷ್ಟೇ.

ನಮ್ಮವರ ಅನುಭವವನ್ನೂ ಮುಚ್ಚಿಡದೆ ಹೇಳಬೇಕು. ಬೈಚುಂಗ್ ಭುಟಿಯಾ 1999ರಲ್ಲಿ ಇಂಗ್ಲೆಂಡ್‌ನ ಬರಿ (Bury) ಎಂಬ ಕ್ಲಬ್ ಸೇರಿದರು. ಮೂರು ಸೀಸನ್‌ನಲ್ಲಿ ಗಾಯ, ಬೆಂಚು ಎಲ್ಲ ಸೇರಿ 37 ಲೀಗ್ ಪಂದ್ಯ, 3 ಗೋಲು. ಸುನಿಲ್ ಛೆಟ್ರಿಗೆ 2009ರಲ್ಲಿ ಲಂಡನ್‌ನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಒಪ್ಪಂದ ಕೊಡಲು ತಯಾರಿತ್ತು. ಭಾರತ ಫಿಫಾ ಪಟ್ಟಿಯಲ್ಲಿ ಮೊದಲ 70ರೊಳಗೆ ಇರಲಿಲ್ಲ ಅಂತ ಕೆಲಸದ ಪರವಾನಗಿ ಸಿಗಲಿಲ್ಲ. 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಗೆ ಹೋದರು, ಲೀಗ್‌ನಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ಬಿನ ಬಿ ತಂಡಕ್ಕೆ ಹೋದರು, ಸಿಕ್ಕಿದ್ದು 3 ಪಂದ್ಯ. ದೇಶಕ್ಕಾಗಿ 95 ಗೋಲು ಹೊಡೆದ ಆಟಗಾರ ಇವರು! 2013ರಲ್ಲಿ ವಾಪಸ್ ಬಂದು ಬೆಂಗಳೂರು ಎಫ್‌ಸಿ ಸೇರಿ, ವಾರವಾರ ಪೂರ್ತಿ ಪಂದ್ಯ ಆಡಿ ದೊಡ್ಡವರಾದರು. ಹೊರದೇಶದ ಜೆರ್ಸಿ ತೊಟ್ಟಿದ್ದರಿಂದ ಸ್ಟ್ರೈಕರ್ ಬೆಳೆಯುವುದಿಲ್ಲ, ಅಮ್ಮ. ಆಡಿದ ನಿಮಿಷಗಳಿಂದ ಬೆಳೆಯುತ್ತಾನೆ. ಬೆಂಗಳೂರಲ್ಲಿ ಬೆಳೆದ ಇಶಾನ್ ಪಂಡಿತ ಹದಿಹರೆಯದಲ್ಲೇ ಸ್ಪೇನಿಗೆ ಹೋಗಿ, ಲೆಗಾನೆಸ್ ಕ್ಲಬ್ಬಿನ ಯುವ ತಂಡವೂ ಸೇರಿ ಹಲವು ಕಡೆ ಆಡಿ, 2020ರಲ್ಲಿ ಗೋವಾ ತಂಡಕ್ಕೆ ಬಂದ. ಅವನ ಧೈರ್ಯ ನನಗೆ ಇಷ್ಟ. ಆದರೆ ಅಷ್ಟು ವರ್ಷ ಅಲ್ಲಿದ್ದರೂ ಸ್ಪೇನಿನ ದೊಡ್ಡ ಲೀಗ್‌ನ ಹಿರಿಯರ ಪಂದ್ಯ ಸಿಗಲಿಲ್ಲ.

ಹೆಣ್ಣುಮಕ್ಕಳು ಈ ವಿಷಯದಲ್ಲಿ ಗಂಡುಮಕ್ಕಳಿಗಿಂತ ಮುಂದಿದ್ದಾರೆ. ಮಣಿಪುರದ ಬಾಲಾ ದೇವಿ 2020ರ ಜನವರಿಯಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ಸೇರಿದಾಗ 30ರ ಹತ್ತಿರ ಇದ್ದರು. ಭಾರತದಲ್ಲಿ ರಾಶಿ ಗೋಲು ಹೊಡೆದ ಮೇಲೆ, ಬೆಂಗಳೂರು ಎಫ್‌ಸಿ ಆ ಕ್ಲಬ್ಬಿನ ಜೊತೆ ಇಟ್ಟುಕೊಂಡಿದ್ದ ಸಂಬಂಧದಿಂದ ಟ್ರಯಲ್ ಸಿಕ್ಕಿತ್ತು. ಮನೀಷಾ ಕಲ್ಯಾಣ್ 2022ರಲ್ಲಿ ಸೈಪ್ರಸ್‌ನ ಅಪೊಲೊನ್‌ಗೆ ಹೋಗಿ ಮಹಿಳಾ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದರು, ಆಮೇಲೆ ಗ್ರೀಸ್‌ನ ಪಾವೊಕ್. ಇಬ್ಬರನ್ನೂ ಕ್ಲಬ್ಬುಗಳು ನೋಡಿದ್ದು ಅವರ ಆಟದ ದಾಖಲೆಯನ್ನು.

ಈಗ ನಿಮ್ಮ ಮಗನ ಗೋಲುಗಳ ಬಗ್ಗೆ ಒಂದು ಮಾತು. ಹಾಸನದಲ್ಲಿ ಹುಡುಗರಿಗೆ ಆಟ ಹೇಳಿಕೊಡುವ ನನಗೆ ಇದೇ ದೊಡ್ಡ ಚಿಂತೆ. ನಮ್ಮ ಎರಡು ಜಿಲ್ಲೆಗಳಲ್ಲಿ ನಡೆಯುವ ಟೂರ್ನಮೆಂಟ್‌ಗಳು ಜಾಸ್ತಿ 5 ಜನರ ಟರ್ಫ್ ಆಟ, ಇಲ್ಲವೇ 7 ಜನರ ಆಟ. ಮಳೆಗಾಲದಲ್ಲಿ ಮಲೆನಾಡಿನ ಮೈದಾನಗಳು ನೀರು ನಿಂತು ಕೆಸರಾಗುತ್ತವೆ, ಹುಡುಗರು ಮತ್ತೆ ಟರ್ಫ್‌ಗೇ ಹೋಗುತ್ತಾರೆ. ಟರ್ಫ್‌ನಲ್ಲಿ ಆಫ್‌ಸೈಡ್ ಇಲ್ಲ, ಅಂದರೆ ಪಾಸ್ ಕೊಡುವ ಕ್ಷಣದಲ್ಲಿ ಎದುರಾಳಿಯ ಕೊನೆಯ ಡಿಫೆಂಡರ್‌ನನ್ನು ದಾಟಿ ನಿಂತಿರಬಾರದು ಅನ್ನುವ ನಿಯಮ ಇಲ್ಲ. ಸ್ಟ್ರೈಕರ್ ಗೋಲಿನ ಮುಂದೆಯೇ ನಿಂತು ಕಾಯಬಹುದು. 11 ಜನರ ಆಟದಲ್ಲಿ ಅವನ ಅರ್ಧ ವಿದ್ಯೆ ಆಫ್‌ಸೈಡ್ ಗೆರೆಯ ಮೇಲೇ ಇದೆ. ಡಿಫೆಂಡರ್‌ನ ಹೆಗಲ ಹಿಂದೆ, ಅವನ ಕಣ್ಣಿಗೆ ಬೀಳದ ಜಾಗದಲ್ಲಿ ನಿಲ್ಲಬೇಕು. ಮಿಡ್‌ಫೀಲ್ಡರ್ ತಲೆ ಎತ್ತಿದ ಕ್ಷಣ ಓಡಬೇಕು. ಅರ್ಧ ಸೆಕೆಂಡ್ ಮುಂಚೆ ಓಡಿದರೆ ಧ್ವಜ ಏಳುತ್ತೆ, ತಡವಾದರೆ ಚೆಂಡು ಕೀಪರ್ ಕೈಗೆ. ಮೊದಲು ಹತ್ತಿರದ ಕಂಬದ ಕಡೆ ಎರಡು ಹೆಜ್ಜೆ ಇಟ್ಟು ಡಿಫೆಂಡರ್‌ನನ್ನು ಎಳೆದು, ತಟ್ಟನೆ ದೂರದ ಕಂಬಕ್ಕೆ ತಿರುಗಬೇಕು. 90 ನಿಮಿಷದಲ್ಲಿ ಚೆಂಡು ಕಾಲಿಗೆ ಸಿಗುವುದೇ ಕೆಲವೊಮ್ಮೆ 20, 30 ಸಲ. ಉಳಿದ ಹೊತ್ತೆಲ್ಲ ಚೆಂಡಿಲ್ಲದೆ ಓಡುವುದು, ಎದುರಾಳಿ ಡಿಫೆಂಡರ್‌ಗಳ ಮೇಲೆ ಒತ್ತಡ ಹಾಕುವುದು, ಬೆನ್ನಿಗೆ ಅಂಟಿದವನನ್ನು ತಡೆದು ಚೆಂಡು ಹಿಡಿದಿಡುವುದು. ವಿದೇಶಿ ಕೋಚ್ ನೋಡುವುದು ಇದನ್ನು. ಸುಮ್ನೆ ಗೋಲುಗಳನ್ನು ಜೋಡಿಸಿದ 2 ನಿಮಿಷದ ವಿಡಿಯೊದಲ್ಲಿ ಇದ್ಯಾವುದೂ ಕಾಣಿಸುವುದಿಲ್ಲ. ಅದೊಂದನ್ನೇ ನೋಡಿ ಒಬ್ಬ ಏಜೆಂಟ್ ಟ್ರಯಲ್ ಕೊಡಿಸುತ್ತೇನೆ ಅಂದರೆ ನನಗೆ ಅಲ್ಲೇ ಅನುಮಾನ.

ಹೋದ ಮೇಲಿನ ದಿನಚರಿಯನ್ನೂ ಕೇಳಿದ್ದೀರಿ. ಬೆಳಗ್ಗೆ ಒಂದೂವರೆ, ಎರಡು ಗಂಟೆ ಅಭ್ಯಾಸ, ಜಿಮ್, ಮಲಗಿ ಸುಧಾರಿಸಿಕೊಳ್ಳುವುದು. ಮಧ್ಯಾಹ್ನದ ಮೇಲೆ ರೂಮಿನಲ್ಲಿ ಒಬ್ಬನೇ. ಒಂಟಿತನ ಹೊಡೆಯುವುದು ಆಗಲೇ. ಕೊರಿಯಾದ ಸನ್ ಹ್ಯುಂಗ್-ಮಿನ್ 16ಕ್ಕೆ ಜರ್ಮನಿಯ ಹ್ಯಾಂಬರ್ಗ್‌ಗೆ ಕಲಿಯಲು ಹೋದಾಗ ಕೊರಿಯಾ ಫುಟ್‌ಬಾಲ್ ಸಂಸ್ಥೆಯ ಯೋಜನೆಯೇ ಬೆನ್ನಿಗಿತ್ತು. ಅಲ್ಲಿ ಜರ್ಮನ್ ಕಲಿತದ್ದು ಅವನಿಗೆ ಬಹಳ ನೆರವಾಯಿತು. ಭಾಷೆ ಬರದ ಸ್ಟ್ರೈಕರ್‌ಗೆ ಚೆಂಡು ಎಲ್ಲಿ ಬೇಕು ಅಂತ ಹೇಳಲೂ ಆಗುವುದಿಲ್ಲ. ಮಂಡಿಯ ಲಿಗಮೆಂಟ್ ಹರಿದರೆ 8, 9 ತಿಂಗಳು ಹೋಯಿತು. ನಮ್ಮ ಡಿಫೆಂಡರ್ ಸಂದೇಶ್ ಝಿಂಗನ್ 2021ರಲ್ಲಿ ಕ್ರೊಯೇಷಿಯಾಕ್ಕೆ ಹೋದವರು ಗಾಯದಿಂದಾಗಿ ಒಂದು ಪಂದ್ಯವೂ ಆಡದೆ ಮರಳಿದರು. ಸಣ್ಣ ಕ್ಲಬ್ಬುಗಳಲ್ಲಿ ಸಂಬಳ ತಡವಾಗುವುದೂ ಉಂಟು. ಎರಡು ತಿಂಗಳ ಸಂಬಳ ಬಾಕಿ ಇಟ್ಟರೆ, ಲಿಖಿತ ನೋಟಿಸ್ ಕೊಟ್ಟು 15 ದಿನ ಕಾದು, ಒಪ್ಪಂದ ಮುರಿಯುವ ಹಕ್ಕು ಫಿಫಾ ನಿಯಮದಲ್ಲಿ ಆಟಗಾರನಿಗಿದೆ. ಒಪ್ಪಂದ ಲಿಖಿತವಾಗಿದ್ದರೆ ಮಾತ್ರ ಇದು ಉಪಯೋಗಕ್ಕೆ ಬರುತ್ತೆ.

ಹಾಗಾದರೆ ಮುಂದಿನ ಎರಡು ವರ್ಷ ಏನು ಮಾಡಬೇಕು? ಅವನನ್ನು ಬೆಂಗಳೂರಿನ ಲೀಗ್‌ಗೆ ಸೇರಿಸಿ. ರಾಜ್ಯ ಫುಟ್‌ಬಾಲ್ ಸಂಸ್ಥೆ ನಡೆಸುವ ಲೀಗ್‌ಗಳಲ್ಲಿ ಸೂಪರ್ ಡಿವಿಷನ್ ಮೇಲಿನದು, ಅದರ ಕೆಳಗೆ ಎ, ಬಿ, ಸಿ ಡಿವಿಷನ್‌ಗಳಿವೆ. ಅಲ್ಲಿ ಮಿಲಿಟರಿ ತಂಡದ ಗಟ್ಟಿಮುಟ್ಟಾದ ಡಿಫೆಂಡರ್‌ಗಳು ಸಿಗುತ್ತಾರೆ, ಹುಡುಗರ ಟೂರ್ನಮೆಂಟ್‌ನ ಗೋಲಿಗೂ ಇದಕ್ಕೂ ವ್ಯತ್ಯಾಸ ಮೊದಲ ದಿನವೇ ತಿಳಿಯುತ್ತೆ. ಬೆಟ್ಟದ ಊರಿನವರಿಗೆ ಅಲ್ಲಿ ಜಾಗವಿಲ್ಲ ಅಂದುಕೊಳ್ಳಬೇಡಿ. ಕೊಡಗು ಎಫ್‌ಸಿ ಆ ಲೀಗ್‌ನಲ್ಲೇ ಆಡಿ ಹೆಸರು ಮಾಡಿದ ತಂಡ. ಪಿಯುಸಿಯನ್ನು ಬೆಂಗಳೂರಲ್ಲೇ ಮುಂದುವರಿಸಬಹುದು, ಅಥವಾ ಹಾಸನದಲ್ಲಿ ಓದಿಸಿ ವಾರದ ಕೊನೆಗೆ ಕಳಿಸಬಹುದು. ಹಾಸನದಿಂದ ಶ್ರವಣಬೆಳಗೊಳದ ಮೇಲೆ ರೈಲು ಇದೆ. ಆ 6 ಲಕ್ಷದಲ್ಲಿ ಸ್ವಲ್ಪ ಭಾಗ ಖರ್ಚು ಮಾಡಿದರೆ ಎರಡು ವರ್ಷ ಇದನ್ನೆಲ್ಲ ನಿಭಾಯಿಸಬಹುದು. ಓದು ಮಾತ್ರ ಬಿಡಿಸಬೇಡಿ. ಇಲ್ಲಿಯ ಪರಿಸ್ಥಿತಿಯೂ ಭದ್ರವಾಗಿಲ್ಲ. 2025ರ ಜುಲೈನಲ್ಲಿ ಐಎಸ್‌ಎಲ್ ಅನ್ನೇ ತಡೆಹಿಡಿದಾಗ ದೊಡ್ಡ ದೊಡ್ಡ ಆಟಗಾರರು ಕೆಲಸವಿಲ್ಲದೆ ಕೂತರು.

ಗುರಿಯನ್ನು ಹತ್ತಿರದಲ್ಲೇ ಇಡಿ. 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ, ರಾಜ್ಯ ತಂಡಗಳ ನಡುವೆ ನಡೆಯುವ ಸಂತೋಷ್ ಟ್ರೋಫಿ ಗೆದ್ದಿತು. ರಾಜ್ಯ ತಂಡದ ಜೆರ್ಸಿ ಸಿಕ್ಕರೆ ಐಎಸ್‌ಎಲ್ ಮತ್ತು ಅದರ ಕೆಳಗಿನ ರಾಷ್ಟ್ರೀಯ ಲೀಗ್‌ನ ಕ್ಲಬ್ಬುಗಳ ಕಣ್ಣು ಬೀಳುತ್ತೆ. ಅಲ್ಲಿ ಎರಡು ಸೀಸನ್ ಗೋಲು ಹೊಡೆದರೆ ಹೊರಗಿನ ಬಾಗಿಲು ತಟ್ಟಬಹುದು. ನನ್ನನ್ನು ಕೇಳಿದರೆ ಮೊದಲು ಏಷ್ಯಾದಲ್ಲೇ ನೋಡಿ ಅಂತೀನಿ. ಭುಟಿಯಾ ಆ ಬರಿ ಕ್ಲಬ್ ಬಿಟ್ಟ ಮೇಲೆ ಮಲೇಷ್ಯಾದ ಪೆರಾಕ್‌ಗೆ ಆಡಿದ್ದನ್ನು ಮರೆಯಬೇಡಿ.

ಕಾಗದಪತ್ರ ಈಗಿನಿಂದಲೇ ಸರಿ ಮಾಡಿಕೊಳ್ಳಿ. ಜನನ ಪ್ರಮಾಣಪತ್ರ, ಎಸ್ಎಸ್ಎಲ್‌ಸಿ ಅಂಕಪಟ್ಟಿ, ಆಧಾರ್ ಮೂರರಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಇರಲಿ. ಯುವ ಟೂರ್ನಿಗಳಲ್ಲಿ ಮೂಳೆಯ ಎಕ್ಸ್‌ರೇ ತೆಗೆದು ವಯಸ್ಸು ನೋಡುತ್ತಾರೆ. ಅವನು ಸೇರುವ ಕ್ಲಬ್ ಅವನನ್ನು ರಾಷ್ಟ್ರೀಯ ಫುಟ್‌ಬಾಲ್ ಫೆಡರೇಷನ್‌ನ ಆನ್‌ಲೈನ್ ನೋಂದಣಿಯಲ್ಲಿ ಪ್ರತಿ ಸೀಸನ್ ಸೇರಿಸಿದೆಯಾ ಅಂತ ಕೇಳಿ ತಿಳಿದುಕೊಳ್ಳಿ. ಮುಂದೆ ವಿದೇಶಿ ಕ್ಲಬ್ ತೆಗೆದುಕೊಂಡರೆ, 12ನೇ ವಯಸ್ಸಿನಿಂದ ಅವನಿಗೆ ತರಬೇತಿ ಕೊಟ್ಟ ಕ್ಲಬ್ಬುಗಳಿಗೆ ಅವರು ಪರಿಹಾರ ಕೊಡಬೇಕಾಗುತ್ತೆ. ಆ ಲೆಕ್ಕ ತೆಗೆಯುವುದು ಈ ನೋಂದಣಿಯಿಂದ. ನಮ್ಮೂರಿನ ಕ್ಲಬ್ಬುಗಳಿಗೆ ಬರಬೇಕಾದ ಹಣ ಅದು, ಎಷ್ಟೋ ಸಲ ದಾಖಲೆ ಇಲ್ಲದೆ ಕೈತಪ್ಪುತ್ತೆ.

ಅವನು ಆಡುವ 11 ಜನರ ಎರಡು ಪಂದ್ಯಗಳನ್ನು ಶುರುವಿನಿಂದ ಕೊನೆಯ ಸೀಟಿಯ ತನಕ ರೆಕಾರ್ಡ್ ಮಾಡಿ ಈ ಅಂಕಣದ ವಿಳಾಸಕ್ಕೆ ಕಳಿಸಿ. ಎತ್ತರದ ಜಾಗದಿಂದ ತೆಗೆಯಿರಿ, ಅವನ ಕಾಲಲ್ಲಿ ಚೆಂಡು ಇಲ್ಲದಾಗಲೂ ಕ್ಯಾಮೆರಾ ಅವನ ಮೇಲಿರಲಿ. ನೋಡಿ, ಅವನಿಗೇ ಬರೆಯುತ್ತೇನೆ.